ಗಣಕಯಂತ್ರದ ಪರದೆಯ ಮೇಲೆ ಪಾತ್ರವೊಂದು ಮೂಡುವ ಬಗೆ

ನಮ್ಮ ಮನೆಗಳಲ್ಲಿ ಮಕ್ಕಳು ಇಂದು ನೋಡುತ್ತಿರುವ ಚಿತ್ರಗಳಲ್ಲಿ ಬಹುಪಾಲು ಕಾಗದದ ಮೇಲೆ ಹುಟ್ಟಿದವುಗಳಲ್ಲ. ಕಥೆಪುಸ್ತಕದ ಮುಖಪುಟದಲ್ಲಿರುವ ಬಾಲಕಿ, ದೂರದರ್ಶನದಲ್ಲಿ ಓಡಾಡುವ ಪುಟ್ಟ ವೀರ, ಬಿಸ್ಕತ್ತಿನ ಪೊಟ್ಟಣದ ಮೇಲೆ ನಗುವ ಕರಡಿ, ಮೊಬೈಲಿನ ಆಟದಲ್ಲಿ ಜಿಗಿಯುವ ರಾಜಕುಮಾರಿ ಇವರೆಲ್ಲ ಗಣಕಯಂತ್ರದ ಪರದೆಯ ಮೇಲೆ ರೂಪ ತಳೆದವರು. ಇಂತಹ ಚಿತ್ರ ಕಂಡೊಡನೆ "ಇದು ಕಂಪ್ಯೂಟರ್ ಬರೆದದ್ದು" ಎಂದು ಹೇಳಿಬಿಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಕಾವ್ಯವನ್ನು ಓದಿ, ಇದು ಲೇಖನಿ ಬರೆದದ್ದು ಎಂದು ಹೇಳಿ ಕವಿಯನ್ನು ಮರೆತರೆ ಹೇಗಿದ್ದೀತೋ ಇದೂ ಹಾಗೆಯೇ ಸರಿ.

ಈ ಮಾತನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಹಲವು ಮನೆಗಳಲ್ಲಿ ಈಗ ಒಬ್ಬ ಮಗನೋ ಮಗಳೋ ಕಪ್ಪು ಹಲಗೆಯಂತಹ ಸಾಧನವೊಂದನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಗೀಚುತ್ತಿರುತ್ತಾರೆ. "ಇದರಿಂದ ಅನ್ನ ಹುಟ್ಟೀತೇ?" ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹೇಳುವ ಮೊದಲು, ಆ ಹಲಗೆಯ ಮೇಲೆ ನಡೆಯುವ ಕೆಲಸವಾದರೂ ಯಾವುದು, ಅದರಲ್ಲಿ ಯಂತ್ರದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಅರಿತಿರುವುದು ಲೇಸು.

ಅರಿಯುವುದಕ್ಕೆ ಒಬ್ಬ ಕಲಾವಿದನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬಹುತೇಕ ಕಲಾವಿದರು ಪೂರ್ಣಗೊಂಡ ಚಿತ್ರವನ್ನಷ್ಟೇ ತೋರಿಸುತ್ತಾರೆ. ಅಡುಗೆಮನೆಯ ಬಾಗಿಲು ಮುಚ್ಚಿರುತ್ತದೆ. ಫ್ರಾನ್ಸ್ ದೇಶದ ಡೇವಿಡ್ ರೆವೊಯ್ ಅವರು ಆ ಬಾಗಿಲನ್ನು ತೆರೆದಿಟ್ಟವರು. 2010ರಲ್ಲಿ ಬ್ಲೆಂಡರ್ ಸಂಸ್ಥೆಯವರು ಹೊರತಂದ 'ಸಿಂಟೆಲ್' ಎಂಬ ಅನಿಮೇಶನ್ ಕಿರುಚಿತ್ರಕ್ಕೆ ಪಾತ್ರಗಳನ್ನೂ ದೃಶ್ಯಗಳನ್ನೂ ಕಲ್ಪಿಸಿಕೊಟ್ಟವರು ಇವರೇ. 2014ರ ಮೇ ತಿಂಗಳಲ್ಲಿ ಇವರು 'ಪೆಪ್ಪರ್ ಅಂಡ್ ಕ್ಯಾರೆಟ್' ಎಂಬ ಚಿತ್ರಕಥೆಯನ್ನು ಆರಂಭಿಸಿದರು. ಪೆಪ್ಪರ್ ಎಂಬಾಕೆ ಮದ್ದು ಕುದಿಸುವ ಪುಟ್ಟ ಮಾಟಗಾತಿ. ಕ್ಯಾರೆಟ್ ಅವಳ ಕಿತ್ತಳೆ ಬಣ್ಣದ ಬೆಕ್ಕು. ಮಾಟಗಾತಿಯೆಂದು ಓದುಗರು ಹುಬ್ಬೇರಿಸಬೇಕಾಗಿಲ್ಲ. ಆಕೆಯ ಮನೆಯಲ್ಲಿ ಗುರುಗಳ ಹೆಸರು ಜೀರಿಗೆ, ಗೆಳತಿಯರ ಹೆಸರು ಕೇಸರಿ, ಕೊತ್ತಂಬರಿ. ನೋಡಿದರೆ ನಮ್ಮ ಸಾಂಬಾರ ಡಬ್ಬಿಯ ಮುಚ್ಚಳ ತೆರೆದಂತಾಗುತ್ತದೆ. ಮುಖ್ಯವಾದ ಸಂಗತಿಯೆಂದರೆ, ರೆವೊಯ್ ಅವರು ಕಥೆಯನ್ನು ಉಚಿತವಾಗಿ ಓದಲು ಕೊಟ್ಟದ್ದಲ್ಲದೆ, ಚಿತ್ರಗಳ ಮೂಲ ಕಡತಗಳನ್ನು ಪದರಪದರವಾಗಿ ಹಾಗೆಯೇ ಲೋಕದ ಮುಂದಿಟ್ಟರು. ಯಾರು ಬೇಕಾದರೂ ತೆಗೆದು, ಮುಖ ಹೇಗೆ ಬಂತು, ನೆರಳು ಎಲ್ಲಿ ಬಿತ್ತು ಎಂದು ಪರೀಕ್ಷಿಸಬಹುದು.

ಸಾಧನ ಯಾವುದು?

ಮೊದಲು ಸಾಧನದ ಮಾತು. ಮೌಸ್ ಹಿಡಿದು ಚಿತ್ರ ಬರೆಯುವುದು ಸಾಬೂನಿನ ತುಂಡು ಹಿಡಿದು ರಂಗೋಲಿ ಹಾಕಿದಂತೆ. ಆದುದರಿಂದ ಕಲಾವಿದರು ಪೆನ್ ಟ್ಯಾಬ್ಲೆಟ್ ಬಳಸುತ್ತಾರೆ. ಜಪಾನಿನಲ್ಲಿ 1983ರಲ್ಲಿ ಸ್ಥಾಪಿತವಾದ ವಾಕಾಮ್ ಸಂಸ್ಥೆ ಈ ಸಾಧನಕ್ಕೆ ಹೆಸರಾಯಿತು. ಹಲಗೆಯ ಒಳಗೆ ಸೂಕ್ಷ್ಮವಾದ ತಂತಿಗಳ ಜಾಲವಿರುತ್ತದೆ. ಅದು ಹೊರಡಿಸುವ ಕ್ಷೀಣ ವಿದ್ಯುತ್ಕಾಂತ ಸಂಕೇತವನ್ನು ಪೆನ್ನಿನೊಳಗಿನ ಸುರುಳಿ ಗ್ರಹಿಸಿ ಮರಳಿ ಕಳುಹಿಸುತ್ತದೆ. ಅಷ್ಟರಿಂದಲೇ ಪೆನ್ನು ಎಲ್ಲಿದೆ, ಎಷ್ಟು ಒತ್ತಿದೆ ಎಂಬುದು ಹಲಗೆಗೆ ತಿಳಿಯುತ್ತದೆ. ಪೆನ್ನಿಗೆ ಬ್ಯಾಟರಿ ಬೇಕಾಗಿಲ್ಲ. ಇಂದಿನ ಪೆನ್ನುಗಳಲ್ಲಿ ಹಲವು ಒತ್ತಡದ 8192 ಹಂತಗಳನ್ನು ಗುರುತಿಸಬಲ್ಲವು. ಮೆಲ್ಲಗೆ ಸವರಿದರೆ ಕೂದಲೆಳೆಯಂತಹ ಗೆರೆ, ಒತ್ತಿದರೆ ಕುಂಚದಂತೆ ದಪ್ಪ ಗೆರೆ. ಹೀಗೆ ಕೈಯ ಗುಣವೆಲ್ಲ ಗೆರೆಯೊಳಗೆ ಇಳಿಯುತ್ತದೆ.

ಎರಡನೆಯದು ತಂತ್ರಾಂಶ. ರೆವೊಯ್ ಬಳಸುವುದು 'ಕ್ರಿಟಾ' ಎಂಬ ಮುಕ್ತ ತಂತ್ರಾಂಶವನ್ನು. ಇದರ ಕೆಲಸ 1999ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾಯಿತು. ಸ್ವೀಡನ್ ದೇಶದ ಭಾಷೆಯಲ್ಲಿ ಕ್ರಿಟಾ ಎಂದರೆ ಸೀಮೆಸುಣ್ಣ. ಜಗತ್ತಿನ ನಾನಾ ಕಡೆಯ ತಂತ್ರಜ್ಞರು ಕೂಡಿ ಕಟ್ಟಿದ ಈ ತಂತ್ರಾಂಶವನ್ನು ಹಣ ಕೊಡದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬಡ ವಿದ್ಯಾರ್ಥಿಯೊಬ್ಬನು ದುಬಾರಿ ತಂತ್ರಾಂಶದ ಕಳ್ಳಪ್ರತಿಗಾಗಿ ಅಲೆಯಬೇಕಾದ ಅಗತ್ಯ ಇನ್ನಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ಗೆರೆಗಿಂತ ಮುಂಚೆ ವಿಚಾರ

ಈಗ ಕೆಲಸಕ್ಕೆ ಬರೋಣ. ಅನುಭವಿ ಕಲಾವಿದನು ನೇರವಾಗಿ ಕಣ್ಣು, ಮೂಗು ಬರೆಯಲು ಕುಳಿತುಕೊಳ್ಳುವುದಿಲ್ಲ. ಈ ಹುಡುಗಿ ಯಾರು, ಯಾವ ಊರಿನವಳು, ಧೈರ್ಯಸ್ಥೆಯೇ, ಹಟಮಾರಿಯೇ, ಉಡುಪನ್ನು ತಾನೇ ಹೊಲಿದುಕೊಂಡವಳೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾನೆ. ಅನಂತರ ಅಂಚೆಚೀಟಿಯಷ್ಟು ಚಿಕ್ಕ ಚಿಕ್ಕ ರೂಪಗಳನ್ನು ಹತ್ತಿಪ್ಪತ್ತು ಬಾರಿ ಗೀಚುತ್ತಾನೆ. ಅಷ್ಟು ಚಿಕ್ಕದರಲ್ಲಿ ಅಲಂಕಾರಕ್ಕೆ ಸ್ಥಳವೇ ಇರುವುದಿಲ್ಲ. ನಿಲುವು ಮಾತ್ರ ಉಳಿಯುತ್ತದೆ. ಆ ಕಟ್ಟುಪಾಡಿನಲ್ಲಿಯೇ ಲಾಭವಿರುವುದು.

ಇಲ್ಲಿ ನೆರಳಿನ ಪರೀಕ್ಷೆ ಎಂಬುದೊಂದಿದೆ. ಪಾತ್ರವನ್ನು ಪೂರ್ಣ ಕಪ್ಪು ಬಣ್ಣದಿಂದ ತುಂಬಿ ನೋಡಬೇಕು. ಆಗಲೂ ಅದು ಯಾರೆಂದು ತಿಳಿದರೆ ರೂಪ ಗಟ್ಟಿಯಾಗಿದೆ ಎಂದರ್ಥ. ಪೆಪ್ಪರಳ ಚೂಪಾದ ದೊಡ್ಡ ಟೋಪಿ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ನಮ್ಮ ತೊಗಲುಗೊಂಬೆ ಆಟವನ್ನು ನೋಡಿದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪರದೆಯ ಮೇಲೆ ಹತ್ತು ತಲೆಯ ಹೊರಗೆರೆ ಬಿದ್ದೊಡನೆ ಬಂದವನು ರಾವಣನೆಂದು ಮಗುವಿಗೂ ತಿಳಿಯುತ್ತದೆ.

ದೇಹದ ಪ್ರಮಾಣವೂ ಇಲ್ಲಿಯೇ ನಿಶ್ಚಯವಾಗುತ್ತದೆ. ವಯಸ್ಕ ಮನುಷ್ಯನ ಎತ್ತರ ಅವನ ತಲೆಯ ಸುಮಾರು ಏಳೂವರೆ ಪಟ್ಟು ಇರುತ್ತದೆ. ಮಕ್ಕಳಲ್ಲಿ ಈ ಪ್ರಮಾಣ ಕಡಿಮೆ. ಆದುದರಿಂದಲೇ ನಾಲ್ಕೈದು ತಲೆಗಳ ಎತ್ತರಕ್ಕೆ ಬರೆದ ಪಾತ್ರ ಕಂಡರೆ ನಮಗೆ ಎತ್ತಿಕೊಳ್ಳಬೇಕೆನಿಸುತ್ತದೆ. ಅಡುಗೆಯಲ್ಲಿ ಉಪ್ಪಿನ ಹದವಿದ್ದಂತೆ ಇದು. ಅರ್ಧ ತಲೆ ಹೆಚ್ಚಾದರೆ ಪಾತ್ರದ ವಯಸ್ಸೇ ಬದಲಾಗುತ್ತದೆ.

ಆಮೇಲೆ ಕಡತದ ಅಳತೆ. ಎ-4 ಕಾಗದದ ಗಾತ್ರದಲ್ಲಿ ಅಚ್ಚಾಗಬೇಕಾದ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕದಲ್ಲಿ 2480 ಅಗಲ, 3508 ಎತ್ತರದ ಚುಕ್ಕೆಗಳು ಬೇಕು. ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್‌ಗಳು. ಚಿಕ್ಕ ಅಳತೆಯಲ್ಲಿ ಬರೆದು ಕೊನೆಗೆ ಹಿಗ್ಗಿಸಿದರೆ ಅಂಚುಗಳೆಲ್ಲ ಮಸುಕಾಗಿ, ತಿಂಗಳ ಶ್ರಮ ಮುದ್ರಣಾಲಯದಲ್ಲಿ ಮಣ್ಣುಪಾಲಾಗುತ್ತದೆ.

ಪದರಗಳ ಗುಟ್ಟು

ಗಣಕಯಂತ್ರದ ಚಿತ್ರಕ್ಕೂ ಕಾಗದದ ಚಿತ್ರಕ್ಕೂ ಇರುವ ನಿಜವಾದ ಅಂತರ ಪದರಗಳಲ್ಲಿದೆ. ಕಲಾವಿದರು ಇದನ್ನು ಲೇಯರ್ ಎನ್ನುತ್ತಾರೆ. ಒಂದರ ಮೇಲೊಂದು ಪಾರದರ್ಶಕ ಹಾಳೆಗಳನ್ನು ಜೋಡಿಸಿ, ಕೆಳಗಿನದರಲ್ಲಿ ಆಕಾಶ, ಅದರ ಮೇಲಿನದರಲ್ಲಿ ಮರ, ಅದಕ್ಕೂ ಮೇಲಿನದರಲ್ಲಿ ಹುಡುಗಿ ಎಂದು ಬರೆದಂತೆ. ಹುಡುಗಿಯನ್ನು ಅಳಿಸಿದರೂ ಮರಕ್ಕೆ ಪೆಟ್ಟಾಗದು. ಉಪಾಯ ಹೊಸದೇನಲ್ಲ. 1914ರ ಸುಮಾರಿಗೇ ಅಮೆರಿಕದ ಅರ್ಲ್ ಹರ್ಡ್ ಎಂಬುವರು ಚಲಿಸುವ ಚಿತ್ರಗಳಿಗಾಗಿ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳನ್ನು ಬಳಸುವ ಕ್ರಮವನ್ನು ರೂಪಿಸಿದ್ದರು. ಫೋಟೋಶಾಪ್ ತಂತ್ರಾಂಶದ ಮೂರನೆಯ ಆವೃತ್ತಿಯು 1994ರಲ್ಲಿ ಪದರಗಳನ್ನು ತಂದಾಗ ಅದೇ ಉಪಾಯ ಗಣಕಯಂತ್ರದ ಕಲಾವಿದರ ದಿನನಿತ್ಯದ ರೂಢಿಯಾಯಿತು.

ಆಯ್ದ ಚಿಕ್ಕ ರೂಪವನ್ನು ದೊಡ್ಡದು ಮಾಡಿ ಮೊದಲ ಪದರದಲ್ಲಿ ಒರಟಾಗಿ ಬರೆಯಲಾಗುತ್ತದೆ. ತಲೆಗೊಂದು ಗೋಲ, ಎದೆಗೊಂದು ಮೊಟ್ಟೆ, ಸೊಂಟಕ್ಕೊಂದು ಪೆಟ್ಟಿಗೆ, ಬೆನ್ನೆಲುಬಿಗೊಂದು ಬಳುಕುವ ಗೆರೆ. ಬೆನ್ನೆಲುಬಿನ ಗೆರೆಯಲ್ಲಿ ಜೀವವಿಲ್ಲದಿದ್ದರೆ ಮುಂದೆ ಎಷ್ಟು ಬಣ್ಣ ಹಚ್ಚಿದರೂ ಪಾತ್ರವು ಅಂಗಡಿಯ ಮುಂದೆ ಸೀರೆ ಉಡಿಸಿ ನಿಲ್ಲಿಸಿದ ಗೊಂಬೆಯಾಗಿಯೇ ಉಳಿಯುತ್ತದೆ. ಆ ಪದರವನ್ನು ತಿಳಿಯಾಗಿಸಿ, ಮೇಲೊಂದು ಹೊಸ ಪದರ ಹಾಸಿ, ಉಡುಪಿನ ಮಡಿಕೆ, ಬೆರಳು, ಕೂದಲ ಗೊಂಚಲು ಇವುಗಳನ್ನು ತಿದ್ದಿ ಬರೆಯಬೇಕು. ಕೈಗಳೇ ಕಷ್ಟ. ಮುಖವನ್ನು ಒಂದು ಗಂಟೆಯಲ್ಲಿ ಮುಗಿಸಿದವನು ಐದು ಬೆರಳುಗಳಿಗಾಗಿ ಮತ್ತೊಂದು ಗಂಟೆ ಕಳೆಯುವುದುಂಟು. ಆಗ ಅವನು ತನ್ನ ಎಡಗೈಯನ್ನೇ ಮುಂದೆ ಹಿಡಿದು ನೋಡಿಕೊಂಡು ಬರೆಯುತ್ತಾನೆ.

ಈ ಹಂತದಲ್ಲಿ ಕನ್ನಡಿಯ ಪರೀಕ್ಷೆ ನಡೆಯುತ್ತದೆ. ಕ್ರಿಟಾದಲ್ಲಿ 'ಎಮ್' ಅಕ್ಷರದ ಕೀಲಿಯನ್ನು ಒತ್ತಿದೊಡನೆ ಚಿತ್ರ ಎಡಬಲ ಅದಲುಬದಲಾಗಿ ಕಾಣುತ್ತದೆ. ಅದುವರೆಗೆ ಸುಂದರವಾಗಿ ಕಂಡ ಮುಖದಲ್ಲಿ ಒಂದು ಕಣ್ಣು ಜಾರಿರುವುದು, ಗಲ್ಲ ಓರೆಯಾಗಿರುವುದು ಥಟ್ಟನೆ ಬಯಲಾಗುತ್ತದೆ. ನಾವು ಬರೆದದ್ದಕ್ಕೆ ನಮ್ಮ ಕಣ್ಣು ಒಗ್ಗಿಹೋಗಿ ಲೋಪವನ್ನು ಕಾಣದಾಗುವುದರಿಂದ ಹೀಗೆ ಮಾಡಬೇಕಾಗುತ್ತದೆ. ಚಿತ್ರಕಾರನು ತನ್ನ ಕೃತಿಯನ್ನು ಕನ್ನಡಿಯಲ್ಲಿ ನೋಡಿ ದೋಷ ಹುಡುಕಬೇಕೆಂದು ಐನೂರು ವರ್ಷಗಳ ಹಿಂದೆಯೇ ಲಿಯೊನಾರ್ಡೊ ಡ ವಿಂಚಿ ಬುದ್ಧಿಮಾತು ಬರೆದಿಟ್ಟಿದ್ದಾರೆ. ಯಂತ್ರ ಬಂದು ಕನ್ನಡಿಯನ್ನು ಒಂದು ಕೀಲಿಯೊಳಗೆ ಇಟ್ಟಿತು, ಅಷ್ಟೆ. ತಪ್ಪನ್ನು ಕಾಣುವ ಕಣ್ಣನ್ನು ಮಾತ್ರ ಕಲಾವಿದನೇ ತರಬೇಕು.

ಮೂರನೆಯದು ಅಂತಿಮ ಗೆರೆ. ಕೈ ನಡುಗಿದರೂ ಗೆರೆ ನಯವಾಗಿ ಬರುವಂತೆ ಮಾಡುವ ಸೌಕರ್ಯ ತಂತ್ರಾಂಶದಲ್ಲಿದೆ. ಪೆನ್ನು ಸಾಗಿದ ಬಿಂದುಗಳ ಸರಾಸರಿ ತೆಗೆದು ಅದು ಗೆರೆ ಎಳೆಯುತ್ತದೆ. ಈ ಸೌಕರ್ಯವನ್ನು ಅತಿಯಾಗಿ ಬಳಸಿದರೆ ಗೆರೆಗಳು ತಂತಿ ಬಗ್ಗಿಸಿ ಜೋಡಿಸಿದಂತೆ ನಿರ್ಜೀವವಾಗುವುದನ್ನು ಹೊಸಬರ ಚಿತ್ರಗಳಲ್ಲಿ ಕಾಣಬಹುದು. ಬೆಳಕು ಬೀಳುವ ಕಡೆ ತೆಳುವಾಗಿ, ನೆರಳಿನ ಕಡೆ, ಗಲ್ಲದ ಕೆಳಗೆ, ತೋಳಿನ ಸಂದಿಯಲ್ಲಿ ದಪ್ಪವಾಗಿ ಹರಿಯುವ ಗೆರೆಯೇ ಒಳ್ಳೆಯ ಗೆರೆ.

ಬಣ್ಣ ಸೋರುವ ಸಮಸ್ಯೆ

ಗೆರೆಯಾದ ಮೇಲೆ ಬಣ್ಣ. ಮೊದಲಿಗೆ ನೆರಳು ಬೆಳಕಿಲ್ಲದ ಸಪಾಟು ಬಣ್ಣಗಳನ್ನು ತುಂಬಬೇಕು: ಚರ್ಮಕ್ಕೊಂದು, ಕೂದಲಿಗೊಂದು, ಉಡುಪಿಗೊಂದು. ಕೇಳಲು ಸುಲಭ, ಮಾಡುವಾಗ ಬೇಸರದ ಕೆಲಸ. ತಂತ್ರಾಂಶದ ಬಣ್ಣದ ಬಕೆಟ್ಟನ್ನು ಟೋಪಿಯೊಳಗೆ ಸುರಿದರೆ, ಗೆರೆಯಲ್ಲಿ ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಬಣ್ಣವೆಲ್ಲ ಅಲ್ಲಿಂದ ಸೋರಿ ಆಕಾಶವನ್ನು ತುಂಬಿಬಿಡುತ್ತದೆ. ಕೈಬರೆಹದ ಗೆರೆಯಲ್ಲಿ ಬಿರುಕುಗಳು ಸಹಜ, ಅವು ಸೌಂದರ್ಯದ ಭಾಗವೂ ಹೌದು. ಬಿರುಕು ಮುಚ್ಚಿದರೆ ಗೆರೆ ಕೆಡುತ್ತದೆ, ಬಿಟ್ಟರೆ ಬಣ್ಣ ಸೋರುತ್ತದೆ.

ಈ ತೊಡಕನ್ನು ರೆವೊಯ್ ಅವರು ಫ್ರಾನ್ಸಿನ ಕಾಂ ನಗರದ ಗ್ರೇಕ್ ಸಂಶೋಧನಾಲಯದ ವಿಜ್ಞಾನಿಗಳೊಡನೆ ಕೂಡಿ ಬಿಡಿಸಿದ ಪ್ರಸಂಗ ಸ್ವಾರಸ್ಯಕರವಾಗಿದೆ. ಗೆರೆಗಳ ತುದಿಗಳನ್ನು ಪತ್ತೆಹಚ್ಚಿ, ಬಿರುಕುಗಳನ್ನು ಲೆಕ್ಕದಲ್ಲಿ ಮಾತ್ರ ಮುಚ್ಚಿ, ಪ್ರತಿಯೊಂದು ಭಾಗವನ್ನೂ ಬೇರೆ ಬೇರೆ ಬಣ್ಣದಿಂದ ತಾನೇ ತುಂಬುವ ಕ್ರಮವೊಂದನ್ನು ಅವರು ರೂಪಿಸಿದರು. ಕಣ್ಣಿಗೆ ಕಾಣುವ ಗೆರೆ ಇದ್ದಂತೆಯೇ ಇರುತ್ತದೆ. 2018ರಲ್ಲಿ ಇದನ್ನು ಕುರಿತ ವೈಜ್ಞಾನಿಕ ಪ್ರಬಂಧ ಪ್ರಕಟವಾದಾಗ ಲೇಖಕರ ಸಾಲಿನಲ್ಲಿ ಚಿತ್ರಕಾರನ ಹೆಸರೂ ಇತ್ತು. ಮರುವರ್ಷ ಗಿಂಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವೂ ಅದೇ ಸಂಶೋಧನೆಯನ್ನು ಆಧರಿಸಿ ಬಣ್ಣ ತುಂಬುವ ಸೌಕರ್ಯವನ್ನು ಪಡೆಯಿತು. ಚಿತ್ರ ಬರೆಯುವ ಮಗುವಿಗೆ ಗಣಿತವೇಕೆ ಎಂದು ಕೇಳುವವರೂ, ಗಣಿತ ಬಲ್ಲ ಮಗು ಚಿತ್ರ ಬರೆದು ಕಾಲ ಹರಣ ಮಾಡುತ್ತಿದೆ ಎನ್ನುವವರೂ ಈ ಪ್ರಬಂಧವನ್ನು ನೆನೆಯಬಹುದು.

ಸಪಾಟು ಬಣ್ಣಗಳ ಮೇಲೆ ನೆರಳಿನ ಪದರ ಬರುತ್ತದೆ. ಇದಕ್ಕೆ ಮಲ್ಟಿಪ್ಲೈ, ಅಂದರೆ ಗುಣಾಕಾರ ಎಂಬ ವಿಧಾನವಿದೆ. ಬಿಳುಪನ್ನು ಒಂದು, ಕಪ್ಪನ್ನು ಸೊನ್ನೆ ಎಂದು ಎಣಿಸಿ, ಮೇಲಿನ ಕೆಳಗಿನ ಪದರಗಳ ಬೆಲೆಗಳನ್ನು ಗುಣಿಸಲಾಗುತ್ತದೆ. 0.8ರ ತಿಳಿಬಣ್ಣದ ಮೇಲೆ 0.5ರ ನೆರಳು ಬಿದ್ದರೆ 0.4 ಆಗುತ್ತದೆ, ಬಿಳಿಯ ಭಾಗದಲ್ಲಿ ಏನೂ ಬದಲಾಗದು. ಬಣ್ಣದ ಗಾಜುಗಳನ್ನು ಒಂದರ ಮೇಲೊಂದು ಹಿಡಿದರೆ ಕಪ್ಪೇರುವುದನ್ನು ಮಕ್ಕಳೂ ಬಲ್ಲರು, ಇದೂ ಅದೇ.

ಆದರೆ ನೆರಳಿಗೆ ಬರಿಯ ಬೂದುಬಣ್ಣ ಹಚ್ಚುವವನು ಪ್ರಕೃತಿಯನ್ನು ನೋಡಿಲ್ಲವೆಂದೇ ಹೇಳಬೇಕು. ಬಿಸಿಲು ಹಳದಿಯಾಗಿರುವಾಗ ನೆರಳಿನ ಭಾಗವನ್ನು ಬೆಳಗುವುದು ನೀಲಿ ಆಕಾಶ. ಆದ್ದರಿಂದ ನೆರಳು ನೀಲಿಯತ್ತ ವಾಲುತ್ತದೆ. ಬೆಳಕಿಗೆದುರಾಗಿ ಕುಳಿತ ಮಗುವಿನ ಕಿವಿ ಕೆಂಪಗೆ ಹೊಳೆಯುವುದು ಚರ್ಮದೊಳಗೆ ಹಾಯ್ದ ಬೆಳಕಿನಿಂದ. ಪರದೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣಗಳನ್ನು ಕೊಡುತ್ತದೆ. ಅವುಗಳಲ್ಲಿ ಹತ್ತು ಹನ್ನೆರಡನ್ನು ಆರಿಸಿಕೊಂಡು ಉಳಿದವನ್ನು ಮುಟ್ಟದಿರುವ ಸಂಯಮವನ್ನು ಅದು ಕೊಡಲಾರದು. ನಡುನಡುವೆ ಬಣ್ಣಗಳನ್ನೆಲ್ಲ ಮರೆಮಾಡಿ ಕಪ್ಪುಬಿಳುಪಿನಲ್ಲಿ ಚಿತ್ರವನ್ನು ನೋಡುವುದು ಒಳ್ಳೆಯ ಅಭ್ಯಾಸ. ಅಲ್ಲಿ ಮುಖವೂ ಹಿನ್ನೆಲೆಯೂ ಒಂದೇ ಆಗಿ ಕಂಡರೆ ಬೆಳಕಿನ ಹಂಚಿಕೆ ಕೆಟ್ಟಿದೆ ಎಂದು ತಿಳಿಯಬೇಕು.

ಕೊನೆಗೆ ಕಣ್ಣಿನ ಮಿಂಚು, ಕೂದಲ ಹೊಳಪು, ಬಟ್ಟೆಯ ನೇಯ್ಗೆ. ಅಚ್ಚಿಗೆ ಕಳುಹಿಸುವುದಾದರೆ ಮತ್ತೊಂದು ಎಚ್ಚರ ಬೇಕು. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸಿದರೆ, ಮುದ್ರಣಯಂತ್ರ ನಾಲ್ಕು ಮಸಿಗಳಿಂದ ತೋರಿಸುತ್ತದೆ. ಪರದೆಯ ಮೇಲೆ ಝಗಝಗಿಸಿದ ಹಸಿರು ಕಾಗದದ ಮೇಲೆ ಕಂದಿ ಕುಳಿತಿರುತ್ತದೆ.

ಕೊಟ್ಟವನ ಪಾಡು

ಇಷ್ಟು ಶ್ರಮಪಟ್ಟು ಬರೆದುದನ್ನು ಉಚಿತವಾಗಿ ಕೊಟ್ಟರೆ ಹೊಟ್ಟೆಪಾಡು ಹೇಗೆ ಎಂದು ಓದುಗರು ಕೇಳದಿರರು. ರೆವೊಯ್ ಅವರು ತಮ್ಮ ಚಿತ್ರಕಥೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಕರ್ತೃವಿನ ಹೆಸರು ಹೇಳಿ ಯಾರಾದರೂ ಅದನ್ನು ಅಚ್ಚುಹಾಕಬಹುದು, ಅನುವಾದಿಸಬಹುದು, ಮಾರಲೂಬಹುದು. ಓದುಗರಲ್ಲಿ ಇಷ್ಟಪಟ್ಟವರು ಸ್ವಯಂಪ್ರೇರಿತರಾಗಿ ಹಣ ಕಳುಹಿಸುತ್ತಾರೆ. ಅಂಥವರ ಹೆಸರುಗಳು ಕಂತಿನ ಕೊನೆಯಲ್ಲಿ ಅಚ್ಚಾಗುತ್ತವೆ. ಸ್ವಯಂಸೇವಕರು ಇದನ್ನು 50ಕ್ಕೂ ಹೆಚ್ಚು ಭಾಷೆಗಳಿಗೆ ತಂದಿದ್ದಾರೆ. 2016ರಲ್ಲಿ ಫ್ರಾನ್ಸಿನ ದೊಡ್ಡ ಪ್ರಕಾಶನ ಸಂಸ್ಥೆ ಗ್ಲೆನಾ ಇದನ್ನು ಪುಸ್ತಕವಾಗಿ ಹೊರತಂದಿತು. ಪರವಾನಗಿಯ ಪ್ರಕಾರ ಕಲಾವಿದನಿಗೆ ಬಿಡಿಗಾಸನ್ನೂ ಕೊಡುವ ಕಟ್ಟಳೆ ಅದಕ್ಕಿರಲಿಲ್ಲ. ಆದರೂ ಅದು ತಾನೂ ಪೋಷಕರ ಸಾಲಿನಲ್ಲಿ ನಿಂತಿತು.

ಎಲ್ಲರೂ ಹಾಗೆ ನಡೆದುಕೊಳ್ಳಲಿಲ್ಲ. ರೆವೊಯ್ ಅವರು ಬಿಡಿಬಿಡಿಯಾಗಿ ಬರೆದಿಟ್ಟಿದ್ದ ಬೆಕ್ಕಿನ ಕಿವಿ, ಕಣ್ಣು, ಮೀಸೆಗಳನ್ನು ಬೇಕಾದಂತೆ ಜೋಡಿಸಿ ಹೊಸ ಹೊಸ ಬೆಕ್ಕುಗಳನ್ನು ಪಡೆಯುವ ಪುಟ್ಟ ಸೌಕರ್ಯವೊಂದನ್ನು ಜನರಿಗೆ ಕೊಟ್ಟಿದ್ದರು. 2021ರಲ್ಲಿ ಯಾರೋ ಆ ಬೆಕ್ಕುಗಳನ್ನು ಎನ್‌ಎಫ್‌ಟಿ ಎಂಬ ಸಟ್ಟಾ ವ್ಯಾಪಾರದ ಸರಕಾಗಿ ಮಾರಾಟಕ್ಕಿಟ್ಟರು. ಪರವಾನಗಿಯ ಅಕ್ಷರವನ್ನು ಹಿಡಿದರೆ ಮಾರಾಟಕ್ಕೆ ಅಡ್ಡಿಯಿಲ್ಲ. ಆದರೆ ತಾವು ಒಪ್ಪದ, ವಿದ್ಯುತ್ತನ್ನು ಸುಮ್ಮನೆ ಸುಡುವ ವ್ಯವಹಾರಕ್ಕೆ ತಮ್ಮ ಕೃತಿ ಮುಖವಾಗುವುದನ್ನು ಸಹಿಸಲಾರದೆ, ಅವನ್ನು ಕೊಳ್ಳಬೇಡಿರೆಂದು ಅವರು ಬಹಿರಂಗವಾಗಿ ಬರೆದರು. ಕೃತಿಕಾರನಿಗಿರುವ ನೈತಿಕ ಹಕ್ಕಿನ ಮಾತನ್ನೆತ್ತಿದರು. ಕೊಟ್ಟ ಮೇಲೆ ಕೇಳುವ ಹಕ್ಕು ಎಲ್ಲಿದೆ ಎಂದು ವಾದಿಸುವವರೂ ಇದ್ದಾರೆ. ಬಾವಿಯನ್ನು ಊರಿಗೆಲ್ಲ ಬಿಟ್ಟುಕೊಟ್ಟವನು, ಅದರ ನೀರಿಗೆ ತನ್ನ ಹೆಸರಿನ ಚೀಟಿ ಅಂಟಿಸಿ ಮಾರುವವನನ್ನು ಕಂಡಾಗ ಬಾಯಿಮುಚ್ಚಿಕೊಂಡಿರಬೇಕೆಂದು ನನಗೆ ತೋರುವುದಿಲ್ಲ.

ಇದಕ್ಕಿಂತ ದೊಡ್ಡ ಚಿಂತೆ 2022ರಲ್ಲಿ ಬಂತು. ನಾಲ್ಕು ಮಾತು ಬರೆದೊಡನೆ ಕೃತಕ ಬುದ್ಧಿಮತ್ತೆಯಿಂದ ಕ್ಷಣಾರ್ಧದಲ್ಲಿ ಚಿತ್ರ ಕೊಡುವ ತಂತ್ರಾಂಶಗಳು ಆ ವರ್ಷ ಜನರ ಕೈಗೆ ಸಿಕ್ಕವು. ಅಂತರಜಾಲದಿಂದ ಒಟ್ಟುಗೂಡಿಸಿದ ಕೋಟ್ಯಂತರ ಚಿತ್ರಗಳಿಂದ ಅವು ಪಾಠ ಕಲಿತಿವೆ. ಬರೆದವರನ್ನು ಯಾರೂ ಕೇಳಿರಲಿಲ್ಲ. 2023ರ ಜನವರಿಯಲ್ಲಿ ಸಾರಾ ಆಂಡರ್ಸನ್ ಮೊದಲಾದ ಮೂವರು ಚಿತ್ರಕಾರರು ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಇಂತಹ ಸಂಸ್ಥೆಗಳ ಮೇಲೆ ದಾವೆ ಹೂಡಿದರು. ಪುಸ್ತಕಕ್ಕೆ ಮುಖಪುಟ ಬರೆದು ಬದುಕುವವರಿಗೆ ಇದು ಜೀವನೋಪಾಯದ ಪ್ರಶ್ನೆ. ಹಾಗೆಂದು ನಾವು ಮೇಲೆ ಕಂಡ ಹಂತಗಳಿಗೆ ಬೆಲೆಯಿಲ್ಲದಾಯಿತೆಂದಲ್ಲ. ಒಂದೇ ಪಾತ್ರ ಮೂವತ್ತು ಪುಟಗಳುದ್ದಕ್ಕೂ ಅದೇ ಮುಖ, ಅದೇ ಸ್ವಭಾವ ಹೊತ್ತು ನಡೆಯಬೇಕಾದಾಗ, ಅವಳು ಕೋಪಗೊಂಡರೆ ಹೇಗೆ ನಿಲ್ಲುತ್ತಾಳೆಂದು ಬಲ್ಲವರು ಬೇಕೇ ಬೇಕು.

ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ, ಅನಿಮೇಶನ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಬೆಂಗಳೂರಿನಲ್ಲಿ ಈ ಕೆಲಸದ ಸ್ಟುಡಿಯೋಗಳಿವೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಇಂತಹ ಕಡೆ ಕಲಿತ ಕೈ ಹಲಗೆಯ ಮೇಲೂ ಸಲೀಸಾಗಿ ಓಡುತ್ತದೆ. ಪೆನ್ಸಿಲ್ ಹಿಡಿದು ಕಲಿಯದ ಕೈಯನ್ನು ಯಾವ ಹಲಗೆಯೂ ಮುಂದಕ್ಕೊಯ್ಯದು.

ಮಕ್ಕಳಿಗೆ ಆಸಕ್ತಿಯಿದ್ದರೆ ಮೊದಲ ಒಂದೆರಡು ವರ್ಷ ಕಾಗದ, ಪೆನ್ಸಿಲ್ಲುಗಳೇ ಸಾಕು. ಬಳಿಕ ಪರದೆಯಿಲ್ಲದ ಸಾಧಾರಣ ಟ್ಯಾಬ್ಲೆಟ್ ಕೆಲವು ಸಾವಿರ ರೂಪಾಯಿಗಳಲ್ಲಿ ದೊರೆಯುತ್ತದೆ. ದುಬಾರಿಯದನ್ನು ಆರಂಭದಲ್ಲೇ ಕೊಡಿಸಬೇಕಾಗಿಲ್ಲ. ಗಂಟೆಗೊಮ್ಮೆ ಎದ್ದು ಮಣಿಕಟ್ಟು ಸಡಿಲಿಸಿಕೊಳ್ಳುವಂತೆ, ಕಣ್ಣಿಗೆ ಬಿಡುವು ಕೊಡುವಂತೆ ತಾಯಂದಿರು ಹೇಳಬೇಕು. ರೆವೊಯ್ ಅವರ ಜಾಲತಾಣದಿಂದ ಒಂದು ಮೂಲ ಕಡತವನ್ನು ಇಳಿಸಿಕೊಂಡು ಕ್ರಿಟಾದಲ್ಲಿ ತೆರೆದರೆ, ಪ್ರತಿ ಪದರದ ಪಕ್ಕದಲ್ಲಿ ಕಣ್ಣಿನ ಗುರುತೊಂದು ಕಾಣುತ್ತದೆ. ಅದನ್ನು ಒತ್ತಿದರೆ ಆ ಪದರ ಮರೆಯಾಗುತ್ತದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲಿನಿಂದ ಒಂದೊಂದಾಗಿ ಪದರಗಳನ್ನು ಮರೆಮಾಡುತ್ತ ಬರಬಹುದು: ಮೊದಲು ಹೊಳಪು ಹೋಗುತ್ತದೆ, ಆಮೇಲೆ ನೆರಳು, ಆಮೇಲೆ ಬಣ್ಣ.